ಅವ್ವನ ಕಾಗದ ಮತ್ತು ‘ಚೀಲ ತೆಗಿಸುವ’ ಮಾತು

ಪ್ರಶ್ನೆ: ನನಗೆ 22 ವರ್ಷ, ಮದುವೆಯಾಗಿ ನಾಲ್ಕು ತಿಂಗಳಾಗಿದೆ, ಹುಬ್ಬಳ್ಳಿಯಲ್ಲಿದ್ದೇನೆ. ತವರು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಅವ್ವನಿಗೆ 44 ವರ್ಷ. ಮನೆಯಲ್ಲಿರುವುದು ಒಂದೇ ಫೋನು, ಅದೂ ಅಣ್ಣನ ಕೈಯಲ್ಲಿ ಇರುತ್ತದೆ. ಹೋದ ವಾರ ಊರಿನಿಂದ ಬಂದವರ ಕೈಯಲ್ಲಿ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಕಳಿಸಿದ್ದಳು. ಅದರೊಳಗೆ ಈ ಕಾಗದವಿತ್ತು:

“ನಾವೆಲ್ಲಾ ಆರಾಮ ಅದೀವಿ, ನೀ ಆರಾಮ ಇರು. ಮಳಿ ಚಲೋ ಆಗೈತಿ, ಗೊಂಜಾಳ ಮೊಣಕಾಲಮಟ ಬಂದೈತಿ. ಕಸ ತಗಿಯಾಕ ಆಳು ಸಿಗವಲ್ರು, ನಾನ ಹೊಂಟೀನಿ. ಮೊದಲಿನಂಗ ಸಾಲು ಹಿಡದು ಹೋಗಾಕ ಆಗವಲ್ದು, ಅರ್ಧ ಸಾಲಿಗೇ ಎದಿ ಡವಡವ ಅಂತೈತಿ, ಬದುವಿನ ಮ್ಯಾಲ ಕುಂಡ್ರತೀನಿ. ಹೊರಗಾದ್ರ ಹತ್ತು ದಿನ ನಿಲ್ಲೂದಿಲ್ಲ, ಗಡ್ಡಿ ಗಡ್ಡಿ ಹೋಗತೈತಿ. ರೇಷನ್ ಅಕ್ಕಿ ಹಸನ ಮಾಡೂವಾಗ ಅರ್ಧ ನಾನ ತಿಂತೀನಿ ಅಂತ ನಿಮ್ಮಣ್ಣ ನಗತಾನ. ಡಾಕ್ಟರು ಚೀಲಕ್ಕ ಬಾವು ಬಂದೈತಿ, ತಗಿಸದಿದ್ರ ಕ್ಯಾನ್ಸರ್ ಆಕ್ಕೈತಿ ಅಂದಾರ. ಮಕ್ಕಳಾಗಿ ಮುಗದಾವು, ಆ ಚೀಲ ಇಟಗೊಂಡು ಏನು ಮಾಡೂದೈತಿ. ಪಂಚಮಿ ಮುಗಿಸಿ ತಗಿಸಿಬಿಡತೀನಿ, ಎಮ್ಮಿ ಮಾರೂದಂತ ನಿಮ್ಮಪ್ಪ ಅಂದಾನ. ನೀ ಬರಬ್ಯಾಡ. ಅತ್ತಿ-ಮಾವಗ ಹೇಳಬ್ಯಾಡ, ಬ್ಯಾನಿ ಮನಿಯಾಕಿ ಅಂತ ನಿನ್ನ ಅಂದಾರು. ನಿನ್ನ ಹಳೇ ನೂಲಿನ ಸೀರಿ ಇದ್ರ ಕಳಸು, ಕೌದಿ ಹೊಲಿಯೂದೈತಿ.”

ಕಾಗದದ ಜೊತೆ ತಪಾಸಣೆಯ ಚೀಟಿಗಳೂ ಇದ್ದವು. ಹಿಮೋಗ್ಲೋಬಿನ್ 6.8. ಸ್ಕ್ಯಾನಿಂಗ್‌ನಲ್ಲಿ ‘ಗರ್ಭಕೋಶ ದಪ್ಪವಾಗಿದೆ, ಸ್ನಾಯುವಿನಲ್ಲಿ 2.3 ಸೆಂ.ಮೀ. ಗಡ್ಡೆ, ಒಳಪೊರೆ 11 ಮಿ.ಮೀ., ಅಂಡಾಶಯಗಳು ಸಹಜ’ ಎಂದಿದೆ. ಚೀಲ, ಅಂದರೆ ಗರ್ಭಕೋಶ, ತೆಗೆಸದಿದ್ದರೆ ಕ್ಯಾನ್ಸರ್ ಆಗುವುದು ನಿಜವೇ? ಆಪರೇಷನ್ ಮಾಡಿಸಬೇಕೇ? ಬರಬೇಡ ಎಂದ ಅವ್ವನ ಮಾತು ಕೇಳಬೇಕೇ?

ಉತ್ತರ:

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತಾಲ್ಲೂಕು ಆಸ್ಪತ್ರೆಗಳಲ್ಲಿ ಸ್ತ್ರೀರೋಗ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ. ರೋಗಿಯೊಬ್ಬರು ತಮ್ಮ ತೊಂದರೆಯನ್ನು ಇಷ್ಟು ಪೂರ್ತಿಯಾಗಿ ಹೇಳಿದ್ದನ್ನು ಕೇಳಿದ್ದು ಕಡಿಮೆ. ನಿಮ್ಮ ತಾಯಿ ‘ಆರಾಮ ಅದೀವಿ’ ಎಂದು ಆರಂಭಿಸಿ, ಮುಂದಿನ ಹತ್ತು ಸಾಲುಗಳಲ್ಲಿ ತಮಗೆ ಗೊತ್ತಿಲ್ಲದೆಯೇ ಕಾಯಿಲೆಯ ಚರಿತ್ರೆಯನ್ನು ಬರೆದಿದ್ದಾರೆ. ಕಾಗದ ನೋಡಿ ರೋಗ ನಿರ್ಣಯ ಮಾಡಲು ನನಗೆ ಸಾಧ್ಯವಿಲ್ಲ, ಮಾಡಲೂ ಬಾರದು. ಆದರೆ ಅವರಿಗೆ ಆಪರೇಷನ್ ಹೇಳಿದವರು ಯಾವ ಮೆಟ್ಟಿಲುಗಳನ್ನು ದಾಟದೆ ಆ ಮಾತಿಗೆ ಬಂದಿದ್ದಾರೆ ಎಂಬುದನ್ನು ಈ ಕಾಗದ ಮತ್ತು ಎರಡು ಚೀಟಿಗಳಿಂದಲೇ ಹೇಳಬಹುದು.

ಮೊದಲು ಹಿಮೋಗ್ಲೋಬಿನ್ ವಿಚಾರ, ಏಕೆಂದರೆ ಸದ್ಯಕ್ಕೆ ಅಪಾಯವಿರುವುದು ಗರ್ಭಕೋಶದಲ್ಲಲ್ಲ, ರಕ್ತದಲ್ಲಿ. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಂ ಇರಬೇಕು, 8ಕ್ಕಿಂತ ಕೆಳಗೆ ಇಳಿದರೆ ಅದನ್ನು ತೀವ್ರ ರಕ್ತಹೀನತೆ ಎಂದು ಕರೆಯುತ್ತೇವೆ. 6.8 ಇರುವ ದೇಹದಲ್ಲಿ ಹೃದಯವು ಇರುವ ಅಲ್ಪ ರಕ್ತವನ್ನೇ ಮತ್ತೆ ಮತ್ತೆ ವೇಗವಾಗಿ ಸುತ್ತಿಸಬೇಕಾಗುತ್ತದೆ. ಅರ್ಧ ಸಾಲಿಗೇ ಎದೆ ಡವಡವ ಎನ್ನುವುದು, ಬದುವಿನ ಮೇಲೆ ಕುಳಿತುಕೊಳ್ಳುವಂತಾಗುವುದು ಈ ಕಾರಣಕ್ಕೆ. ವಯಸ್ಸಾಯಿತು, ಮೈಯಲ್ಲಿ ಕಸುವಿಲ್ಲ ಎಂದು ಅವರು ಸುಮ್ಮನಾಗಿರಬಹುದು. ಅಣ್ಣ ನಗುವ ಹಸಿ ಅಕ್ಕಿಯ ಚಟವೂ ನಗುವ ವಿಷಯವಲ್ಲ. ಕಬ್ಬಿಣದ ಅಂಶ ಬಹಳ ಕಡಿಮೆಯಾದವರಿಗೆ ಹಸಿ ಅಕ್ಕಿ, ಮಣ್ಣು, ಸುಣ್ಣದ ಗೋಡೆಯ ಚಕ್ಕೆ, ಬೂದಿ ಇಂಥವನ್ನು ತಿನ್ನುವ ಬಯಕೆ ಹುಟ್ಟುತ್ತದೆ. ಕಬ್ಬಿಣ ತುಂಬಿದರೆ ಎಷ್ಟೋ ಜನರಲ್ಲಿ ಕೆಲವೇ ವಾರಗಳಲ್ಲಿ ಆ ಚಟ ತಾನಾಗಿ ಬಿಟ್ಟುಹೋಗುತ್ತದೆ.

ಇನ್ನು ಹಳೆಯ ಸೀರೆಗಳು. ಗೊಂಜಾಳ ಮೊಣಕಾಲಿನವರೆಗೆ ಬಂದಿರುವಾಗ, ಕಸ ತೆಗೆಯಲು ಆಳು ಸಿಗದಿರುವಾಗ, ನಮ್ಮ ಕಡೆಯ ಯಾವ ಹೆಂಗಸೂ ಕೌದಿ ಹೊಲಿಯಲು ಕುಳಿತುಕೊಳ್ಳುವುದಿಲ್ಲ, ಅದು ಸುಗ್ಗಿ ಮುಗಿದ ಮೇಲಿನ ಬೇಸಿಗೆಯ ಕೆಲಸ. ನೂಲಿನ ಸೀರೆಯೇ ಬೇಕು ಎಂದಿರುವುದನ್ನೂ ಗಮನಿಸಿ. ನನ್ನ ಊಹೆ ತಪ್ಪಿರಲೂಬಹುದು, ಆದರೂ ಮನೆಯಲ್ಲಿರುವ ಹಳೆಯ ಬಟ್ಟೆಯೆಲ್ಲ ಮುಟ್ಟಿನ ದಿನಗಳಿಗೇ ಸಾಲದಾಗಿದೆ ಎಂದು ಆ ಸಾಲು ಹೇಳುತ್ತಿದೆ ಎಂದೇ ನನಗೆ ಅನ್ನಿಸುತ್ತದೆ. ಪುಸ್ತಕದ ಪ್ರಕಾರ ಒಂದು ಮುಟ್ಟಿನಲ್ಲಿ 80 ಮಿಲಿಲೀಟರ್‌ಗಿಂತ ಹೆಚ್ಚು ರಕ್ತ ಹೋದರೆ ಅದು ಅತಿಸ್ರಾವ, ಆದರೆ ಮನೆಯಲ್ಲಿ ಯಾರೂ ಅಳೆಯುವುದಿಲ್ಲ. ಏಳು ದಿನ ಮೀರುವುದು, ಗಡ್ಡೆ ಗಡ್ಡೆಯಾಗಿ ಹೋಗುವುದು, ರಾತ್ರಿ ಎದ್ದು ಬಟ್ಟೆ ಬದಲಿಸಬೇಕಾಗುವುದು, ಇವೇ ನಮಗೆ ಅಳತೆ.

ಇದರ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ‘ಬೀಟ್‌ರೂಟ್ ತಿನ್ನಿಸಿ, ದಾಳಿಂಬೆ ತಿನ್ನಿಸಿ’ ಎಂದು ನಿಮಗೆ ಹತ್ತು ಜನ ಹೇಳಲಿದ್ದಾರೆ. ಆರೋಗ್ಯವಂತರ ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿರುತ್ತದೆ. ನಾವು ತಿನ್ನುವ ಊಟದಿಂದ ದೇಹ ದಿನಕ್ಕೆ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ, ಅದರಲ್ಲೂ ಬಹುಪಾಲು ದಿನನಿತ್ಯದ ಸವಕಳಿಗೇ ಹೋಗುತ್ತದೆ. ಹೀಗಿರುವಾಗ ತಿಂಗಳಿಗೆ ನೂರೈವತ್ತು ಮಿಲಿಲೀಟರ್ ರಕ್ತ ಕಳೆದುಕೊಳ್ಳುವವರು ಎಪ್ಪತ್ತೈದು ಮಿಲಿಗ್ರಾಂ ಕಬ್ಬಿಣವನ್ನು ಹೊರಗೆ ಚೆಲ್ಲುತ್ತಾರೆ. ತಟ್ಟೆಯಲ್ಲಿ ಎಷ್ಟೇ ಸೊಪ್ಪು ಬಡಿಸಿದರೂ ಆ ಕೊರತೆ ತುಂಬುವುದಿಲ್ಲ. 45 ಕಿಲೋ ತೂಕದ ಹೆಂಗಸನ್ನು 6.8ರಿಂದ ಸಹಜ ಮಟ್ಟಕ್ಕೆ ತಂದು, ಸ್ವಲ್ಪ ದಾಸ್ತಾನನ್ನೂ ಉಳಿಸಲು ಬೇಕಾಗುವ ಕಬ್ಬಿಣ ಒಟ್ಟು 1,400 ಮಿಲಿಗ್ರಾಂ ಆಸುಪಾಸು. ಮಾತ್ರೆಯಿಂದ ಇದನ್ನು ತುಂಬಲು ತಿಂಗಳುಗಳು ಬೇಕು. ಆದ್ದರಿಂದ ಇಷ್ಟು ಕೆಳಗಿಳಿದವರಿಗೆ ಐರನ್ ಸುಕ್ರೋಸ್ ಎಂಬ ಔಷಧವನ್ನು ಸಲೈನ್‌ನಲ್ಲಿ ಬೆರೆಸಿ ರಕ್ತನಾಳದ ಮೂಲಕ ಕೊಡುತ್ತೇವೆ. ಒಂದು ಸಲಕ್ಕೆ 200 ಮಿಲಿಗ್ರಾಂನಂತೆ ದಿನ ಬಿಟ್ಟು ದಿನ, ಆರೇಳು ಸಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಗರ್ಭಿಣಿಯರಿಗೆಂದು ಇಟ್ಟಿರುವ ಔಷಧವಿದು, ಬೇರೆಯವರಿಗೂ ಕೊಡಬಹುದು, ಕೇಳಬೇಕು ಅಷ್ಟೆ. ಕುಳಿತಲ್ಲೇ ಉಸಿರು ಕಟ್ಟುತ್ತಿದ್ದರೆ, ಕಾಲು ಊದಿಕೊಂಡಿದ್ದರೆ, ಎದೆನೋವು ಅಥವಾ ತಲೆಸುತ್ತಿ ಬೀಳುವುದು ಇದ್ದರೆ ಮಾತ್ರ ಇದಾವುದಕ್ಕೂ ಕಾಯದೆ ಅದೇ ದಿನ ದಾಖಲಿಸಬೇಕು, ರಕ್ತವನ್ನೇ ಕೊಡಬೇಕಾಗಬಹುದು.

ಮಾತ್ರೆ ಕೊಟ್ಟರೆ ಅದನ್ನು ಚಹಾದ ಜೊತೆ ನುಂಗಬಾರದು. ನಮ್ಮ ಹೆಂಗಸರು ಬೆಳಗಿನ ಖಾಲಿ ಹೊಟ್ಟೆಯ ಚಹಾದೊಂದಿಗೆ ನುಂಗಿ, ‘ಮೂರು ತಿಂಗಳು ತಿಂದೆ, ಏನೂ ಆಗಲಿಲ್ಲ’ ಎನ್ನುತ್ತಾರೆ. ನಿಂಬೆಹಣ್ಣು ಹಿಂಡಿದ ನೀರಿನ ಜೊತೆ, ಚಹಾ ಕುಡಿದು ಎರಡು ತಾಸು ಬಿಟ್ಟು ನುಂಗಲಿ. ಮಲ ಕಪ್ಪಗಾಗುತ್ತದೆ, ಅದಕ್ಕೆ ಹೆದರಿ ಬಿಡಬಾರದು. ಬರಿಗಾಲಲ್ಲಿ ಹೊಲಕ್ಕಿಳಿಯುವವರಿಗೆ ಕೊಕ್ಕೆಹುಳುವಿನ ಕಾಟವಿರುತ್ತದೆ, ಅದೂ ರಕ್ತ ಹೀರುತ್ತದೆ. ಆದ್ದರಿಂದ ಅಲ್ಬೆಂಡಜೋಲ್ 400 ಮಿಲಿಗ್ರಾಂ ಒಂದು ಮಾತ್ರೆಯನ್ನೂ ವೈದ್ಯರು ಸಾಮಾನ್ಯವಾಗಿ ಕೊಡುತ್ತಾರೆ.

ಈಗ ನೀವು ಮುಖ್ಯವಾಗಿ ಕೇಳಿದ ಪ್ರಶ್ನೆಗೆ ಬರುತ್ತೇನೆ. ‘ಗರ್ಭಕೋಶ ದಪ್ಪವಾಗಿದೆ’ ಎಂಬುದು ಕಾಯಿಲೆಯ ಹೆಸರಲ್ಲ. ಮೂರ್ನಾಲ್ಕು ಸಲ ಬಸಿರಾದ ಗರ್ಭಕೋಶ, ಬಸಿರಾಗದವರ ಗರ್ಭಕೋಶಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಉಳಿಯುತ್ತದೆ. ‘ಬಲ್ಕಿ ಯೂಟರಸ್’ ಎಂಬ ಎರಡು ಪದಗಳನ್ನು ಸ್ಕ್ಯಾನಿಂಗ್ ಚೀಟಿಯಲ್ಲಿ ಓದಿ ಕನ್ನಡದಲ್ಲಿ ‘ಬಾವು ಬಂದಿದೆ’ ಎಂದು ಹೇಳಿಬಿಟ್ಟರೆ, ಕೇಳಿದವರಿಗೆ ಕೀವು ತುಂಬಿ ಒಡೆಯಲಿರುವ ಗಾಯದ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಬಿಳಿಮುಟ್ಟು ಎಂದು ಬಂದವರಿಗೆ ಹೇಳುವ ‘ಗರ್ಭಕೋಶದ ಬಾಯಿ ಹುಣ್ಣಾಗಿದೆ’ ಎಂಬ ಮಾತೂ ಇದೇ ಜಾತಿಯದು. 2.3 ಸೆಂ.ಮೀ. ಗಡ್ಡೆಯೆಂದರೆ ಒಂದು ಅಡಿಕೆಯಷ್ಟು. ಈ ನಾರುಗಡ್ಡೆಗಳು ನಲವತ್ತು ದಾಟಿದ ಹೆಂಗಸರಲ್ಲಿ ತೀರಾ ಸಾಮಾನ್ಯ, ಮುಟ್ಟು ನಿಂತ ಮೇಲೆ ಕುಗ್ಗುತ್ತವೆ, ಕ್ಯಾನ್ಸರ್ ಆಗಿ ತಿರುಗುವುದು ಬಹಳ ಅಪರೂಪ. ಸ್ನಾಯುವಿನೊಳಗೇ ಹುದುಗಿ ಒಳಪೊರೆಯನ್ನು ಮುಟ್ಟದಿರುವ ಇಷ್ಟು ಸಣ್ಣ ಗಡ್ಡೆಗೆಂದು ಗರ್ಭಕೋಶ ತೆಗೆಯುವುದನ್ನು ನಾನು ಒಪ್ಪುವುದಿಲ್ಲ. ಮುಟ್ಟು ಇನ್ನೂ ಬರುತ್ತಿರುವವರಲ್ಲಿ ಒಳಪೊರೆ 11 ಮಿ.ಮೀ. ಇರುವುದೂ ತಿಂಗಳ ಕೆಲವು ದಿನಗಳಲ್ಲಿ ಸಹಜವೇ.

ಹಾಗಾದರೆ ಕ್ಯಾನ್ಸರ್ ಮಾತು ಪೂರ್ತಿ ಸುಳ್ಳೇ? ತೆಗೆಸದಿದ್ದರೆ ಆಗುತ್ತದೆ ಎಂಬುದು ಸುಳ್ಳು. ಈಗಾಗಲೇ ಇರಬಹುದೇ ಎಂದು ನೋಡಬೇಕು ಎಂಬುದು ನಿಜ, ಮತ್ತು ನೀವು ಕಳಿಸಿದ ಚೀಟಿಗಳಲ್ಲಿ ಆ ಪರೀಕ್ಷೆಯ ಸುಳಿವೇ ಇಲ್ಲ. ನಲವತ್ತು ದಾಟಿದವರಿಗೆ ಹೀಗೆ ಸ್ರಾವವಾಗುತ್ತಿದ್ದರೆ ಒಳಪೊರೆಯ ಚೂರನ್ನು ತೆಗೆದು ಪರೀಕ್ಷೆಗೆ ಕಳಿಸಲೇಬೇಕು. ಸಣ್ಣ ಕೊಳವೆಯಿಂದ ಹೊರರೋಗಿ ವಿಭಾಗದಲ್ಲೇ ಕೆಲವು ನಿಮಿಷಗಳಲ್ಲಿ ಮುಗಿಯುವ ಕೆಲಸ ಅದು, ಮುಟ್ಟಿನ ನೋವಿನಂಥ ನೋವು ಸ್ವಲ್ಪ ಹೊತ್ತು ಇರುತ್ತದೆ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬೇರೆ, ಅದಕ್ಕೆ 30 ದಾಟಿದ ಎಲ್ಲ ಹೆಂಗಸರಿಗೂ ಐದು ವರ್ಷಕ್ಕೊಮ್ಮೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ವಿನೆಗರ್‌ನಂಥ ದ್ರಾವಣ ಸವರಿ ನೋಡುವ ಪರೀಕ್ಷೆ ಪುಕ್ಕಟೆಯಾಗಿ ಇದೆ. ಇವೆರಡರ ಜೊತೆ ಥೈರಾಯ್ಡ್ ಪರೀಕ್ಷೆಯೂ ಆಗಲಿ, ಏಕೆಂದರೆ ಥೈರಾಯ್ಡ್ ಕುಂದಿದಾಗಲೂ ಮುಟ್ಟು ಹೀಗೆ ಕೆಡುತ್ತದೆ. ಒಳಪೊರೆಯಲ್ಲಿ ಕ್ಯಾನ್ಸರ್ ಅಥವಾ ಅದರ ಮೊದಲ ಹಂತ ಕಂಡರೆ ಆಪರೇಷನ್ ಬೇಕು, ಆದರೆ ಅದು ಬೇರೆ ರೀತಿಯ ಆಪರೇಷನ್, ಬೇರೆ ಕಡೆ ಆಗಬೇಕಾದದ್ದು. ಪರೀಕ್ಷೆ ಮಾಡದೆ ಮೊದಲೇ ಗರ್ಭಕೋಶ ತೆಗೆದು, ಆಮೇಲೆ ವರದಿಯಲ್ಲಿ ಕ್ಯಾನ್ಸರ್ ಎಂದು ಬಂದ ಹೆಂಗಸರನ್ನು ನಾನು ನೋಡಿದ್ದೇನೆ. ಅವರ ಪಾಡು ಹೇಳತೀರದು.

ವರದಿ ಚೆನ್ನಾಗಿ ಬಂದರೆ ನಿಮ್ಮ ತಾಯಿಗೆ ಬೇಕಿರುವುದು ಒಂದು ಸೇತುವೆ ಮಾತ್ರ. ನಮ್ಮ ದೇಶದ ಹೆಂಗಸರಿಗೆ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47. ಅವರಿಗೆ ಈಗ 44. ದಾಟಿಸಬೇಕಾದದ್ದು ಎರಡರಿಂದ ಐದು ವರ್ಷ ಎಂದುಕೊಳ್ಳಿ. ಸ್ರಾವದ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ, ಹಿಂದೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ ಮಾತ್ರ ಅದು ಸಲ್ಲದು. ಪ್ರೊಜೆಸ್ಟರಾನ್ ಹಾರ್ಮೋನಿನ ಮಾತ್ರೆಗಳಿವೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ತಯಾರಾದ ಆರ್ಮೆಲಾಕ್ಸಿಫೆನ್ ಎಂಬ ಹಾರ್ಮೋನಲ್ಲದ ಮಾತ್ರೆಯನ್ನೂ ಇದಕ್ಕೆ ಬಳಸುತ್ತೇವೆ. ಸರ್ಕಾರ ‘ಛಾಯಾ’ ಎಂಬ ಹೆಸರಿನಲ್ಲಿ ಗರ್ಭನಿರೋಧಕವಾಗಿ ಹಂಚುವ ಮಾತ್ರೆ ಇದೇ. ಇವೆಲ್ಲಕ್ಕಿಂತ ನನಗೆ ಮೆಚ್ಚುಗೆಯಾದದ್ದು 52 ಮಿಲಿಗ್ರಾಂ ಹಾರ್ಮೋನ್ ತುಂಬಿದ ವಂಕಿ, ಅಂದರೆ ಕಾಪರ್-ಟಿ ಆಕಾರದ್ದೇ, ಆದರೆ ತಾಮ್ರವಿಲ್ಲದ್ದು. ಒಮ್ಮೆ ಹಾಕಿದರೆ ಐದು ವರ್ಷವಾದರೂ ಕೆಲಸ ಮಾಡುತ್ತದೆ, ಹೆಚ್ಚಿನವರಲ್ಲಿ ಸ್ರಾವ ಬಹುಮಟ್ಟಿಗೆ ನಿಲ್ಲುತ್ತದೆ. ಮೊದಲ ಮೂರರಿಂದ ಆರು ತಿಂಗಳು ಹನಿ ಹನಿ ಹೋಗುತ್ತದೆ ಎಂದು ಮೊದಲೇ ಹೇಳದಿದ್ದರೆ ಮಾತ್ರ ಒಂದೇ ತಿಂಗಳಿಗೆ ತೆಗೆಸಿಬಿಡುತ್ತಾರೆ. ಬೆಲೆ ಸ್ವಲ್ಪ ಹೆಚ್ಚು, ಆದರೆ ಎಮ್ಮೆ ಮಾರುವಷ್ಟಲ್ಲ. ನಿಮ್ಮ ತಾಯಿಗೆ ಇವುಗಳಲ್ಲಿ ಯಾವುದು ಹೊಂದುತ್ತದೆ ಎಂಬುದನ್ನು ಅವರನ್ನು ಮುಟ್ಟಿ ಪರೀಕ್ಷಿಸಿದ ವೈದ್ಯರೇ ಹೇಳಬೇಕು.

ಇಷ್ಟೆಲ್ಲ ಮಾಡಿಯೂ ಸ್ರಾವ ನಿಲ್ಲದಿದ್ದರೆ, ಅಥವಾ ಗಡ್ಡೆ ದೊಡ್ಡದಾಗಿ ಮೂತ್ರಕೋಶವನ್ನು ಒತ್ತುತ್ತಿದ್ದರೆ, ಆಪರೇಷನ್ ಸರಿಯಾದ ಚಿಕಿತ್ಸೆಯೇ. ನಾನೂ ನೂರಾರು ಮಾಡಿದ್ದೇನೆ, ಆಪರೇಷನ್ ಕೆಟ್ಟದ್ದೆಂದು ಹೇಳುತ್ತಿಲ್ಲ. ಆದರೆ 6.8 ಹಿಮೋಗ್ಲೋಬಿನ್ ಇಟ್ಟುಕೊಂಡು, ತುರ್ತು ಕಾರಣವಿಲ್ಲದೆ ಯಾರೂ ಮೇಜಿನ ಮೇಲೆ ಮಲಗಬಾರದು. ಮಲಗಿದರೂ ಅಂಡಾಶಯಗಳನ್ನು ಉಳಿಸಬೇಕು. ಅವನ್ನೂ ತೆಗೆಯುತ್ತೀರಾ ಎಂದು ಮೊದಲೇ ಕೇಳಿ, ಉತ್ತರವನ್ನು ಒಪ್ಪಿಗೆ ಪತ್ರದಲ್ಲಿ ಬರೆಸಿಕೊಳ್ಳಿ.

ಇದನ್ನು ಒತ್ತಿ ಹೇಳಲು ನನ್ನದೇ ಒಂದು ತಪ್ಪು ಕಾರಣ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬಿಳಿಮುಟ್ಟು ಮತ್ತು ಸೊಂಟನೋವು ಎಂದು ಬಂದ 31 ವರ್ಷದ ಕೂಲಿ ಹೆಣ್ಣುಮಗಳೊಬ್ಬಳ ಗರ್ಭಕೋಶವನ್ನು ಎರಡೂ ಅಂಡಾಶಯಗಳ ಸಮೇತ ತೆಗೆದೆ. ಆಗ ಹಿರಿಯರು ಹಾಗೆಯೇ ಮಾಡುತ್ತಿದ್ದರು, ನಾನೂ ಮಾಡಿದೆ. ಐದಾರು ವರ್ಷದ ಮೇಲೆ ಆಕೆ ಕೊಟ್ಟಿಗೆಯಲ್ಲಿ ಜಾರಿ, ಮಣಿಕಟ್ಟು ಮುರಿದುಕೊಂಡು ಬಂದಳು. ಮುಟ್ಟು ನಿಲ್ಲುವ ವಯಸ್ಸಿಗೆ ಹತ್ತು ವರ್ಷ ಮೊದಲೇ ಆಕೆಯ ಮೂಳೆಗಳು ಟೊಳ್ಳಾಗಿದ್ದವು. ಸೊಂಟನೋವು ಇನ್ನೂ ಇದೆಯೇ ಎಂದು ಕೇಳಿದೆ. ಇದೆ ಎಂದಳು.

ನಿಮ್ಮ ಜಿಲ್ಲೆಗೆ ಈ ವಿಷಯ ಹೊಸದಲ್ಲ. ಕಳೆದ ದಶಕದಲ್ಲಿ ರಾಣೆಬೆನ್ನೂರು ಕಡೆಯ ಬಡ ಹೆಂಗಸರು, ಅವರಲ್ಲಿ ಬಹಳ ಮಂದಿ ಲಂಬಾಣಿ ತಾಂಡಾಗಳವರು, ಅನಗತ್ಯವಾಗಿ ತಮ್ಮ ಗರ್ಭಕೋಶ ತೆಗೆದಿದ್ದಾರೆ ಎಂದು ದೂರಿ ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. ಕಲಬುರಗಿ ಜಿಲ್ಲೆಯ ತಾಂಡಾಗಳಿಂದಲೂ 2015ರ ಸುಮಾರಿಗೆ ಅಂಥದೇ ದೂರುಗಳು ಬಂದು ತನಿಖೆ ನಡೆಯಿತು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಪ್ರಕರಣಗಳನ್ನು ಹಿಡಿದು ವೈದ್ಯರೊಬ್ಬರು ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ತೀರ್ಪು ನೀಡಿ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರದ ಆರೋಗ್ಯ ಸಚಿವಾಲಯ 2022ರಲ್ಲಿ ರೂಪಿಸಿದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕು ಎಂದಿತು. ನಿಮ್ಮ ತಾಯಿಯನ್ನು ನೋಡಿದ ವೈದ್ಯರು ದುರುದ್ದೇಶದಿಂದಲೇ ಹೇಳಿದರು ಎಂದು ನಾನು ಹೇಳಲಾರೆ. ಹಳ್ಳಿಯಿಂದ ಒಮ್ಮೆ ಬಂದವರು ಮತ್ತೆ ಬರುವುದಿಲ್ಲ, ಒಂದೇ ಸಲಕ್ಕೆ ಮುಗಿಸಿಬಿಡೋಣ ಎಂಬ ಯೋಚನೆಯೂ ವೈದ್ಯರಲ್ಲಿ ಇರುತ್ತದೆ. ವಿಮಾ ಯೋಜನೆಗಳ ಒಂದು ಕುಂದೂ ಇಲ್ಲಿ ಸೇರಿಕೊಳ್ಳುತ್ತದೆ: ಆಪರೇಷನ್‌ಗೆ ಅವು ಹಣ ಕೊಡುತ್ತವೆ, ಮನೆಯಲ್ಲಿ ನುಂಗುವ ಮಾತ್ರೆಗೆ ಕೊಡುವುದಿಲ್ಲ.

ಆದ್ದರಿಂದ ಎಮ್ಮೆಯನ್ನು ಮಾರುವ ಮೊದಲು ತಾಯಿಯನ್ನು ಹಾವೇರಿಯ ಜಿಲ್ಲಾ ಆಸ್ಪತ್ರೆಗೆ ಅಥವಾ, ನೀವು ಹುಬ್ಬಳ್ಳಿಯಲ್ಲೇ ಇರುವುದರಿಂದ, ಜನ ಈಗಲೂ ಕಿಮ್ಸ್ ಎಂದೇ ಕರೆಯುವ ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ಯಿರಿ. ಬಿಪಿಎಲ್ ಕಾರ್ಡ್ ಮತ್ತು ಆಧಾರ್ ಜೊತೆಗಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ; ಸರ್ಕಾರಿ ಆಸ್ಪತ್ರೆಯಲ್ಲಿ ಆಗದ್ದಕ್ಕೆ ಅಲ್ಲಿಂದಲೇ ಶಿಫಾರಸು ಚೀಟಿ ಪಡೆದು ಬೇರೆಡೆ ಹೋಗಬೇಕು. ಮೊದಲು ತೋರಿಸಿದ ಆಸ್ಪತ್ರೆಯ ದಾಖಲೆಗಳ ನಕಲನ್ನೂ ಕೇಳಿ ಪಡೆಯಿರಿ. ರೋಗಿ ಕೇಳಿದರೆ 72 ತಾಸುಗಳೊಳಗೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮದಲ್ಲೇ ಇದೆ. ಬಸ್ಸಿನ ಖರ್ಚನ್ನು ನೆಪ ಹೇಳಿದರೆ, 2023ರ ಜೂನ್‌ನಿಂದ ಹೆಂಗಸರಿಗೆ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ ಎಂಬುದು ಅವರಿಗೂ ಗೊತ್ತು.

ಕೊನೆಯ ಪ್ರಶ್ನೆ, ಬರಬೇಡ ಎಂದವರ ಮಾತು ಕೇಳಬೇಕೇ ಎಂಬುದು, ನನ್ನ ವಿಷಯದ ಆಚೆಗಿನದು ಎಂದು ಬಿಡಬಹುದಿತ್ತು. ಆದರೆ ಚಿಕಿತ್ಸೆ ನಿಂತಿರುವುದೇ ಅದರ ಮೇಲೆ. ಮುಟ್ಟಿನ ವಿಷಯವನ್ನು ಅವರು ಗಂಡನಿಗೂ ಮಗನಿಗೂ ಬಿಡಿಸಿ ಹೇಳಿರುವುದಿಲ್ಲ. ಅಣ್ಣ ಜೊತೆಗೆ ಹೋದರೆ ವೈದ್ಯರ ಎದುರು ‘ಸ್ವಲ್ಪ ಸುಸ್ತು’ ಎಂದಷ್ಟೇ ಹೇಳುತ್ತಾರೆ. ಎಷ್ಟು ದಿನ, ಎಷ್ಟು ಬಟ್ಟೆ, ಎಷ್ಟು ಗಡ್ಡೆ ಎಂದು ಹೇಳಬೇಕಾದರೆ ಪಕ್ಕದಲ್ಲಿ ಮಗಳು ಬೇಕು. ಅತ್ತೆ-ಮಾವನಿಗೆ ಹೇಳಬೇಡ ಎಂದಿದ್ದಾರೆ, ನಿಮ್ಮ ಗಂಡನಿಗೆ ಹೇಳಬೇಡ ಎಂದಿಲ್ಲ. ಅವರಿಗೆ ಇಂದೇ ಹೇಳಿ. ನಾಲ್ಕು ತಿಂಗಳ ಸಂಸಾರದಲ್ಲಿ ಈ ಮಾತು ತೆಗೆಯುವುದು ಕಷ್ಟವೆಂದು ಬಲ್ಲೆ, ಆದರೂ ನಿಮ್ಮ ಅತ್ತೆಯೂ ಇಂಥ ಐದಾರು ವರ್ಷಗಳನ್ನು ದಾಟಿ ಬಂದವರೇ ಇರಬೇಕು. ಕೇಳಿದರೆ ನಿಮಗಿಂತ ಹೆಚ್ಚು ಅವರಿಗೇ ಅರ್ಥವಾದೀತು. ಪಂಚಮಿಗೆ ಅಣ್ಣ ಕರೆಯಲು ಬರುವವರೆಗೆ ಕಾಯಬೇಡಿ, ಅಷ್ಟರೊಳಗೆ ಇನ್ನೊಂದು ಮುಟ್ಟು ಬಂದು ಹೋಗುತ್ತದೆ. ಈ ವಾರವೇ ಹೋಗಿ.

ಸೀರೆಗಳನ್ನು ಯಾರ ಕೈಯಲ್ಲೂ ಕಳಿಸದೆ ನೀವೇ ಒಯ್ಯಿರಿ. ಅಡುಗೆ ಮನೆಯಲ್ಲಿ ಇಬ್ಬರೇ ಇರುವಾಗ ಅವನ್ನು ಮುಂದಿಟ್ಟು, ಒಂದು ಸೀರೆಯಲ್ಲಿ ಎಷ್ಟು ತುಂಡು ಮಾಡುತ್ತೀ, ದಿನಕ್ಕೆ ಎಷ್ಟು ಬೇಕಾಗುತ್ತದೆ ಎಂದು ಕೇಳಿ. ಅವರು ಹೇಳುವ ಸಂಖ್ಯೆಯನ್ನು ಸ್ಕ್ಯಾನಿಂಗ್ ಚೀಟಿಯ ಹಿಂಬದಿಯಲ್ಲಿ ಬರೆದಿಟ್ಟುಕೊಂಡು, ವೈದ್ಯರಿಗೆ ಮೊದಲು ಅದನ್ನೇ ತೋರಿಸಿ.